ಸುಡಬೇಕಿಲ್ಲದ ಪೆಟ್ಟಿಗೆಗಳು

ಜೇನುಪೆಟ್ಟಿಗೆಯ ಮುಚ್ಚಳ ತೆಗೆದ ಕೂಡಲೇ ಜೇನಕ್ಕನ ಮೂಗಿಗೆ ವಾಸನೆ ಬಡಿಯಿತು. ಹಳಸಿದ ಹಿಟ್ಟಿನ ಹಾಗೆ ಹುಳಿ ವಾಸನೆ. ಹುಳುಗಳು ಮೇಣದಲ್ಲಿ ಕಟ್ಟಿದ ಎರಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಮುತ್ತಿನ ಹಾಗೆ ಬೆಳ್ಳಗಿರಬೇಕಾದ ಮರಿಹುಳುಗಳು ಹಳದಿಯಾಗಿ ಸೊರಗಿ ಬಿದ್ದಿದ್ದವು. ಪಕ್ಕದ ಪೆಟ್ಟಿಗೆಯಲ್ಲೂ ಅದೇ ಕಥೆ.

ಹಿತ್ತಲಲ್ಲಿ ಅವಳದು ಹದಿನಾಲ್ಕು ಜೇನುಪೆಟ್ಟಿಗೆ. ಒಂಬತ್ತು ವರ್ಷ ಒಂದೊಂದಾಗಿ ಹೆಚ್ಚಿಸಿಕೊಂಡು ಬಂದದ್ದು. ಬೀದಿಯವರು ಜೇನಕ್ಕ ಎಂದು ಕರೆಯುವುದೂ ಅದಕ್ಕೇ. ಮರಿಗಳಿಗೆ ಒಂದು ಕೆಟ್ಟ ರೋಗ ಬರುತ್ತದೆ, ಅದು ಬಂದರೆ ಹುಳು, ಎರಿ, ಪೆಟ್ಟಿಗೆ ಎಲ್ಲವನ್ನೂ ಗುಂಡಿ ತೋಡಿ ಸುಡಬೇಕು ಎಂದು ಅವಳು ಕೇಳಿದ್ದಳು. ನಾರುತ್ತಿದ್ದ ಎರಿಯನ್ನು ಹೊರತೆಗೆದು ಬಕೆಟ್ ಕವುಚಿ ಮುಚ್ಚಿದಳು.

ಅವಳ ಗಂಡ ಮನೆಯ ಮುಂದಿನ ಕೋಣೆಯಲ್ಲೇ ಸೈಕಲ್ ರಿಪೇರಿ ಮಾಡುತ್ತಾನೆ. ಎಲ್ಲರಿಗೂ ಪಂಕ್ಚರ್ ಮಾವ. ಟ್ಯೂಬನ್ನು ನೀರಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದವನ ಮುಂದೆ ಅವಳು ಮರುದಿನ ಎರಿಯ ತುಂಡು ಸುತ್ತಿದ ಒಂದು ಪುಟ್ಟ ಗಂಟು ಇಟ್ಟಳು.

“ರೀ, ಇದನ್ನ ಜೇನು ಪ್ರಯೋಗಾಲಯಕ್ಕೆ ಕೊಟ್ಟು ಬನ್ನಿ. ಪುಕ್ಕಟೆ ಪರೀಕ್ಷೆ ಮಾಡ್ತಾರಂತೆ.”

“ಆ ನೊಣದ ಆಸ್ಪತ್ರೆಗಾ? ಮುಂದಿನ ವರ್ಷ ಅದನ್ನ ನಡೆಸಬೇಕಾ ಬೇಡ್ವಾ ಅಂತ ಪುರಸಭೆಯವರು ಜನರನ್ನ ಕೇಳಿದ್ರು. ಮುಚ್ಚಿ ಅಂತ ಹೋದ ವಾರ ತಾನೇ ಬರೆದುಕೊಟ್ಟಿದ್ದೀನಿ! ನಮ್ಮ ತೆರಿಗೆ ತಗೊಂಡು ನೊಣಕ್ಕೆ ಜ್ವರ ನೋಡೋದಾ? ಬೀದಿಗೆ ಎರಡು ದೀಪ ಹಾಕ್ಲಿ.”

“ದೀಪ ಬೇಡ ಅಂತ ನಾನಂದ್ನಾ? ಈಗ ಕೊಟ್ಟು ಬನ್ನಿ.”

ಗೊಣಗುತ್ತಲೇ ಹೋಗಿ ಕೊಟ್ಟು ಬಂದ. ಮೂರನೇ ದಿನ ಚೀಟಿ ಬಂತು: “ಮರಿಗಳು ಆರೋಗ್ಯವಾಗಿವೆ. ರೋಗವಿಲ್ಲ.”

ಮಾವ ತೊಡೆ ತಟ್ಟಿ ನಕ್ಕ. “ಹಿತ್ತಲು ನಾರ್ತಾ ಇದೆ, ಇವರು ಆರೋಗ್ಯ ಅಂತಾರೆ! ನಾನು ಹೇಳಲಿಲ್ವಾ?”

ಜೇನಕ್ಕ ನಗಲಿಲ್ಲ. ನೆಲ ನೋಡುತ್ತಾ, “ಹೋಗ್ಲಿ ಬಿಡಿ” ಅಂದಳು.

ಬಿಡುವ ಆಸಾಮಿಯೇ ಅವನು? ಅವಳು ಪೆಟ್ಟಿಗೆಯಿಂದ ತೆಗೆದು ಬಕೆಟ್ ಕವುಚಿ ಮುಚ್ಚಿಟ್ಟಿದ್ದ ನಾರುವ ಎರಿಯನ್ನು ಬ್ರೆಡ್ಡಿನ ಪ್ಲಾಸ್ಟಿಕ್ ಚೀಲಕ್ಕೆ ತುರುಕಿದ. ಸೈಕಲ್ ಹತ್ತಿದ.

ಪ್ರಯೋಗಾಲಯ ಎಂದರೆ ಒಂದೇ ಕೋಣೆ. ಎರಡು ಮೇಜು, ಒಂದು ಸೂಕ್ಷ್ಮದರ್ಶಕ, ತೊಟ್ಟಿಕ್ಕುವ ನಲ್ಲಿ. ಅಲ್ಲಿದ್ದ ಡಾಕ್ಟರಮ್ಮನ ಹೆಬ್ಬೆರಳು ಜೇನು ಕುಟುಕಿ ಊದಿತ್ತು.

“ಮೇಡಮ್, ನಿಮಗೆ ಮೂಗಿದೆಯಾ?” ಎಂದು ಮಾವ ಚೀಲವನ್ನು ಮೇಜಿನ ಮೇಲಿಟ್ಟ.

ಅವರು ಚೀಲ ಬಿಚ್ಚಿ ಮೂಸಿದರು. “ಇದೆ, ಚೆನ್ನಾಗೇ ಕೆಲಸ ಮಾಡ್ತಿದೆ. ಮೊದಲು ಈ ಪ್ಲಾಸ್ಟಿಕ್ ಎಸೀರಿ. ಇದರಲ್ಲಿ ಬೆವೆತು ಎಲ್ಲ ಕೊಳೆಯುತ್ತೆ, ಪೇಪರಲ್ಲಿ ಸುತ್ತಿ ತರಬೇಕು. ಇನ್ನೊಂದು ಮಾತು. ನೀವು ಮೊನ್ನೆ ತಂದಿದ್ದು ಈ ಪೆಟ್ಟಿಗೆದಲ್ಲ. ಅದು ಹೊಸ ಮೇಣ, ಬೆಣ್ಣೆ ಹಾಗಿತ್ತು. ಇದು ಹಳೇದು, ಹೊಗೆ ಹಿಡಿದ ಬಣ್ಣ. ಅದನ್ನ ಇಸ್ತ್ರಿ ಮಾಡಿದ ಕರ್ಚೀಫಲ್ಲಿ ಬೇರೆ ಸುತ್ತಿದ್ರು!”

ಮಾವ ಪಿಳಿಪಿಳಿ ಕಣ್ಣು ಬಿಟ್ಟು ಮನೆಗೆ ಫೋನ್ ಮಾಡಿದ. “ಲೇ, ಯಾವ ಪೆಟ್ಟಿಗೆದು ಕಳಿಸಿದ್ದೆ?”

ಆ ಕಡೆಯಿಂದ ಜೇನಕ್ಕನ ಮಾತು ಕೋಣೆಗೆಲ್ಲ ಕೇಳಿತು. “ಕೊನೇ ಪೆಟ್ಟಿಗೆದು. ಚೆನ್ನಾಗಿರೋದು. ನಾರೋದನ್ನ ಕಳಿಸಿದ್ರೆ ನನ್ನ ಗಲೀಜು ಹೆಂಗಸು ಅನ್ನಲ್ವಾ? ಎಲ್ಲ ಸುಡೋಕೆ ಬಂದುಬಿಟ್ರೆ?”

ಡಾಕ್ಟರಮ್ಮ ಫೋನ್ ಇಸಿದುಕೊಂಡರು. “ಅಕ್ಕಾ, ಹಲ್ಲುನೋವು ಅಂತ ಹೋಗಿ ಚೆನ್ನಾಗಿರೋ ಹಲ್ಲು ತೋರಿಸಿದ ಹಾಗಾಯ್ತಲ್ಲ! ನೀವೊಬ್ರೇ ಅಲ್ಲ, ಎಷ್ಟೋ ಜನ ಹೀಗೇ ಮಾಡ್ತಾರೆ. ರೋಗ ಬಂದಿದ್ದು ನಿಮ್ಮ ತಪ್ಪಲ್ಲ. ನೋಡ್ತೀನಿ ಇರಿ.” ಮಾವನ ಕಡೆ ತಿರುಗಿ, “ಬೆಂಕಿಕಡ್ಡಿ ಇದೆಯಾ?” ಅಂದರು.

ಮಾವ ಎರಿಯನ್ನು ತನ್ನತ್ತ ಎಳೆದುಕೊಂಡ. “ಈಗಲೇ ಸುಡ್ತೀರಾ?”

“ಸುಡೋಕಲ್ಲ ಯಜಮಾನ್ರೇ, ಚುಚ್ಚೋಕೆ. ಸತ್ತ ಮರಿಗೆ ಚುಚ್ಚಿ ಎಳೆದಾಗ ಉದ್ದಕ್ಕೆ ದಾರ ಬಂದ್ರೆ ಆ ಕೆಟ್ಟ ರೋಗದ ಗುಮಾನಿ.”

ಪ್ಯಾಚಿನ ಅಂಟು ಹೇಗೆ ದಾರವಾಗಿ ಎಳೆಯುತ್ತದೆ ಎಂದು ಮಾವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಉಸಿರು ಹಿಡಿದು ನೋಡಿದ. ಕಡ್ಡಿ ಮೆಲ್ಲಗೆ ಮೇಲೆ ಬಂತು. ದಾರ ಬರಲಿಲ್ಲ.

“ಬರೀ ಕಡ್ಡಿ ನಂಬೋ ಹಾಗಿಲ್ಲ” ಎಂದು ಅವರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತರು. ನಲ್ಲಿ ತೊಟ್ಟಿಕ್ಕುತ್ತಲೇ ಇತ್ತು. ಮಾವ ಸ್ಟೂಲಿನ ತುದಿಯಲ್ಲಿ ಕೂತು, ಯಾರೂ ಕೇಳದಿದ್ದರೂ, ಆ ನಲ್ಲಿಯ ವಾಷರ್ ಬದಲಾಯಿಸಬೇಕು ಅಂದ.

ಕಡೆಗೆ ಅವರು ತಲೆ ಎತ್ತಿದರು. “ಸುಡೋ ರೋಗ ಅಲ್ಲ. ಇದು ಬೇರೆ. ನಾಳೆ ನಾನೇ ಬರ್ತೀನಿ. ಹುಳುಗಳನ್ನ ಹೊಸ ಎರಿಗೆ ಕೊಡವಿ, ಹಳೇ ಎರಿ ತೆಗೆದುಹಾಕಿ, ರಾಣಿ ಹುಳು ಬದಲಾಯಿಸೋಣ. ಪೆಟ್ಟಿಗೆ ಚೆನ್ನಾಗಿ ಶುಚಿ ಮಾಡಿದ್ರೆ ಸಾಕು.”

ಮಾವನಿಗೆ ಹೋದ ಜೀವ ಬಂದಂತಾಯಿತು. ಮೊದಲು ಹೆಂಡತಿಗೆ ಫೋನ್ ಮಾಡಿ, “ಸುಡೋದು ಬೇಡವಂತೆ ಕಣೆ” ಅಂದ. ಆ ಕಡೆಯಿಂದ ಅಳು ಕೇಳಿತು. ಇವನೂ ಮೂಗು ಒರೆಸಿಕೊಂಡ, ವಾಸನೆಗೆ ಎಂಬಂತೆ.

“ಔಷಧಿ ಬೇಡ್ವಾ ಮೇಡಮ್?”

“ಇದಕ್ಕೆ ಬೇಡ. ಏಳು ವರ್ಷ ಒಂದಿಷ್ಟು ಪೆಟ್ಟಿಗೆಗೆ ಹೀಗೆ, ಇನ್ನೊಂದಿಷ್ಟಕ್ಕೆ ಹಾಗೆ ಮಾಡಿ ನೋಡಿ ತಿಳಿದುಕೊಂಡಿದ್ದು.”

“ಹಾಗೆ ಮಾಡಿ ನೋಡಿದ್ದು ಔಷಧಿ ಕಂಪನಿಯವರಾ?”

“ಅವರ್ಯಾಕೆ ಮಾಡ್ತಾರೆ? ಇದರಲ್ಲಿ ಮಾರೋಕೆ ಏನಿದೆ? ಬಾಟಲಿ ಇಲ್ಲ, ಪುಡಿ ಇಲ್ಲ, ಬರೀ ವಿಧಾನ. ಇಂಥದ್ದನ್ನ ನಿಮ್ಮ ತೆರಿಗೆಯಿಂದ ನಡೆಯೋ ಕೋಣೆಯೇ ಹುಡುಕಬೇಕು. ಜೇನು ಮುಟ್ಟದವರೂ ಕುಂಬಳಕಾಯಿ ತಿಂತಾರಲ್ಲ, ಹುಳು ಹೂವಿಗೆ ಬರದಿದ್ರೆ ಅದು ಕಾಯಿ ಕಟ್ಟುತ್ತಾ?”

ಮಾವ ತಲೆ ತುರಿಸಿಕೊಂಡ. ಮುಚ್ಚಿ ಅಂತ ಬರೆದುಕೊಟ್ಟ ಕಾಗದದ ಮೇಲಿನ ತನ್ನ ಸಹಿ ನೆನಪಾಯಿತು.

ಇದನ್ನು ತೀರ್ಮಾನಿಸಲು ಪುರಸಭೆಯವರು ಜನರನ್ನು ಕರೆದ ಸಭೆಯಲ್ಲಿ ಅವನು ಎದ್ದು ನಿಂತ. “ನೊಣದ ಆಸ್ಪತ್ರೆ ಮುಚ್ಚಿ ಅಂತ ಬರೆದವನು ನಾನೇ. ಆ ಕಾಗದ ವಾಪಸ್ ಕೊಡಿ.”

“ಒಂದ್ಸಲ ಬಂದ ಅರ್ಜಿ ವಾಪಸ್ ಕೊಡೋ ಹಾಗಿಲ್ಲ” ಅಂದ ಗುಮಾಸ್ತ.

“ಹಾಗಾದ್ರೆ ಅದರ ಮೇಲೆ ಈ ಪ್ಯಾಚ್ ಹಾಕಿ” ಎಂದು ಹೊಸ ಅರ್ಜಿ ಕೊಟ್ಟ. ಸಭೆಯೆಲ್ಲ ನಕ್ಕಿತು. ಅವನು ನಡೆದದ್ದನ್ನು ಹೇಳುತ್ತಾ ಹೋದಂತೆ ನಗು ನಿಂತಿತು. “ದೀಪಾನೂ ಬೇಕು, ಪ್ರಯೋಗಾಲಯಾನೂ ಬೇಕು. ಎರಡೂ ನಮ್ಮದೇ” ಎಂದು ಹೇಳಿ ಕೂತ. ಕೈಗಳು ಎದ್ದವು. ಪ್ರಯೋಗಾಲಯ ಮುಂದುವರಿಯಿತು.

ಆರು ವಾರ ಕಳೆದು ಜೇನಕ್ಕ ಮತ್ತೆ ಮುಚ್ಚಳ ತೆಗೆದಳು. ಹೊಸ ಮೇಣದ ಘಮ. ಮರಿಗಳು ಮುತ್ತಿನಂತೆ ಬೆಳ್ಳಗೆ ಸುರುಳಿ ಮಲಗಿದ್ದವು. ಮಾವನೂ ಬಗ್ಗಿ ಮೂಗು ತೂರಿಸಿದ. ಒಂದು ಹುಳು ಮೂಗಿಗೇ ಕುಟುಕಿತು.

“ನೊಣ ಅಂದಿದ್ರಲ್ಲ, ಅದಕ್ಕೇ” ಎಂದು ಜೇನಕ್ಕ ಬಹಳ ದಿನದ ಮೇಲೆ ಮನಸಾರೆ ನಕ್ಕಳು.

ಓದುತ್ತಿರುವ ಅಕ್ಕ ಅಣ್ಣಂದಿರೇ, ನಿಮ್ಮ ಪೆಟ್ಟಿಗೆಯಲ್ಲಿ ಮರಿ ಸಾಯುತ್ತಿದ್ದರೆ ಮುಚ್ಚಿಡಬೇಡಿ. ಕೆಟ್ಟಿರುವ ಎರಿಯನ್ನೇ ಪೇಪರಿನಲ್ಲಿ ಸುತ್ತಿ ಪರೀಕ್ಷೆಗೆ ಕೊಡಿ. ಪೆಟ್ಟಿಗೆಯೇ ಇಲ್ಲದವರಿಗೂ ಒಂದು ಕೆಲಸವಿದೆ. ಜೇನುಹುಳುಗಳ ಆರೋಗ್ಯದ ಸಂಶೋಧನೆಗೆ ಸಾರ್ವಜನಿಕ ಹಣ ಬೇಕೇ ಎಂದು ನಿಮ್ಮ ಊರಿನ ಸಭೆ ಕೇಳಿದ ದಿನ, ಊಟದ ತಟ್ಟೆಯಲ್ಲಿದ್ದ ತರಕಾರಿ ನೆನಪಿಸಿಕೊಂಡು ಕೈ ಎತ್ತಿ.