ಪಿಸ್ತಾ ಕಾಗದದ ಕೊನೆಯ ಸಾಲು

ಸಗಟು ಪೇಟೆಯವರು ಅವಳ ಅಪ್ಪನಿಗೆ ಪ್ರಶ್ನೆಪತ್ರಿಕೆ ಅಂತ ಹೆಸರಿಟ್ಟಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಪೇಟೆಯಲ್ಲಿ ಬೆನ್ನ ಹಿಂದಿನ ಮಾತು ಎದುರಿಗೆ ಬರೋದಕ್ಕೆ ಎಷ್ಟು ಹೊತ್ತು ಬೇಕು, ಹೇಳಿ. ಅಪ್ಪನಿಗೂ ಗೊತ್ತಿತ್ತು, ಗೊತ್ತಿದ್ದು ಒಳಗೊಳಗೇ ಹಿಗ್ಗುತ್ತಿದ್ದ. ಬಾದಾಮಿ, ಗೋಡಂಬಿ, ಪಿಸ್ತಾ ಮಾರುವ ಅಂಗಡಿ ಅದು. ಬಾದಾಮಿ, ಗೋಡಂಬಿಯನ್ನು ಯಾರ ಹತ್ತಿರ ಬೇಕಾದರೂ ಕೊಳ್ಳುತ್ತಿದ್ದ. ಪಿಸ್ತಾ ಮಾತ್ರ ತುರ್ಕಿಯದೇ ಆಗಬೇಕು, ಅದೂ ಒಬ್ಬನೇ ತೋಟದವನದು. ಇಪ್ಪತ್ತಾರು ವರ್ಷ ಹಾಗೇ ನಡೆದಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ಇಷ್ಟು ವರ್ಷದ ಗಿರಾಕಿ, "ಹೋದ ಸಲದ್ದೇ ಕಳಿಸಪ್ಪ" ಅಂತ ಒಂದು ಸಾಲು ಗೀಚಿದರೆ ಸಾಕಲ್ಲವಾ? ಉಹುಂ. ಪ್ರತಿ ಫಸಲಿಗೂ ಹೊಸ ಕಾಗದ, ಮೊದಲಿನಿಂದ ಪ್ರಶ್ನೆ. ಕಾಯಿ ಯಾವ ವರ್ಷದ್ದು? ನೂರು ಗ್ರಾಮಿಗೆ ಎಷ್ಟು ಬರುತ್ತೆ? ಬಾಯಿ ಬಿಡದ ಕಾಯಿ ಎಷ್ಟು? ತೇವ ಎಷ್ಟು? ಬೂಷ್ಟಿನ ವಿಷದ ಪರೀಕ್ಷೆ ಎಲ್ಲಿ ಮಾಡಿಸಿದಿರಿ, ವರದಿ ಎಲ್ಲಿ? ಕಾಯಿಯ ಜೊತೆ ಕಳಿಸುವ ಅರೆದ ಪೇಸ್ಟಿನಲ್ಲಿ ಪಿಸ್ತಾ ಬಿಟ್ಟು ಬೇರೇನಾದರೂ ಸೇರಿದೆಯಾ? ಓದಿದವರ ತಲೆ ಚಿಟ್ಟು ಹಿಡಿಯಬೇಕು. ಆದರೆ ಸರಕು ಮಾತ್ರ ಬೇಕಾದಷ್ಟೇ ಕೇಳುತ್ತಿದ್ದ. "ಕೊಳ್ಳೋದು ಎರಡು ಟನ್ ಆದರೆ ಎರಡು ಟನ್ ಅಂತಲೇ ಬರಿ ಕಣಮ್ಮ. ಹತ್ತು ಅಂತ ಬರೆದು ದರ ಇಳಿಸಿಕೊಳ್ಳೋದು ನಮ್ಮ ಕೆಲಸ ಅಲ್ಲ" ಅಂತ ಮಗಳಿಗೆ ಹೇಳಿಕೊಟ್ಟಿದ್ದ.

ಕಾಗದದ ಕೊನೆಯಲ್ಲಿ ಒಂದು ಸಾಲು ಇರುತ್ತಿತ್ತು. ಅದಕ್ಕೂ ವ್ಯಾಪಾರಕ್ಕೂ ಯಾವ ಸಂಬಂಧವೂ ಇರಲಿಲ್ಲ. ನಿಮ್ಮ ತೋಟದ ಅತಿ ಹಳೆಯ ಮರಕ್ಕೆ ವಯಸ್ಸೆಷ್ಟು? ಮಗಳ ಮದುವೆಯ ದಿನ ಮಳೆ ನಿಂತಿತಾ? ತೋಟದವನು ಉತ್ತರ ಬರೆಯುತ್ತಿದ್ದದ್ದು ಅಲ್ಲಿಂದಲೇ. ಮೊದಲು ಮದುವೆ, ಮಳೆ, ಮರ. ಆಮೇಲೆ ತೇವ, ದರ. ಒಂದು ವರ್ಷ ಅವನ ಹೆಂಡತಿ ತೀರಿಕೊಂಡಳು. ಆ ವರ್ಷ ಅಪ್ಪ ಒಂದೇ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. "ನೀವು ಏನು ಕಳಿಸಿದರೂ ತಗೋತೀನಿ" ಅಂತ ಬರೆದು ಅಂಚೆಗೆ ಹಾಕಿ ಬಂದ.

ಅಂಥ ಮನುಷ್ಯನಿಗೆ ಲಕ್ವ ಹೊಡೆದು ಮಾತೇ ನಿಂತುಹೋಯಿತು. ಬಲಗೈ, ಬಲಗಾಲು ಹೋಗಿದ್ದರೆ ಹೋಗಲಿ, ಪ್ರಶ್ನೆ ಕೇಳುವ ಬಾಯನ್ನೇ ಕಿತ್ತುಕೊಳ್ಳಬೇಕಿತ್ತಾ? ಅಂಗಡಿಯ ಮೇಲಿನ ಮಹಡಿಯೇ ಮನೆ. ಅಪ್ಪ ಅಲ್ಲಿ ಕಿಟಕಿಯ ಪಕ್ಕ ಮಲಗಿದ, ಮಗಳು ಕೆಳಗೆ ಗಲ್ಲೆಯ ಮೇಲೆ ಕೂತಳು.

ಪಿಸ್ತಾ ಮರ ಒಂದು ವರ್ಷ ಬಿಟ್ಟು ಒಂದು ವರ್ಷ ಚೆನ್ನಾಗಿ ಕಾಯಿ ಬಿಡುತ್ತೆ. ಇದು ಕಾಯಿ ಕಡಿಮೆಯ ವರ್ಷ, ದರ ಆಕಾಶಕ್ಕೆ ಹೋಗಿತ್ತು. ಮಗಳು ಫೋನಿನಲ್ಲಿ ಯಾವನೋ ಕೋಟು ಹಾಕಿದವನ ಪಾಠ ನೋಡಿದಳು. ಒಂದೇ ಕಾಗದ ಹತ್ತಾರು ಜನಕ್ಕೆ ಕಳಿಸಿ, ಪ್ರಮಾಣ ದೊಡ್ಡದು ಹೇಳಿ, ಗಡುವು ಕೊಡಿ, ಹರಟೆ ಬೇಡ, ಅಂದಿದ್ದ ಅವನು. ಸರಿ, ತೋಟದವನೂ ಸೇರಿ ಹದಿನಾಲ್ಕು ಜನಕ್ಕೆ ಅಂತ ಬರೆದಳು. "ನಮ್ಮದು ದೊಡ್ಡ ಆಮದು ಸಂಸ್ಥೆ. ವರ್ಷಕ್ಕೆ ಇಪ್ಪತ್ತು ಟನ್ ಬೇಕು. ನಿಮ್ಮ ಸಂಸ್ಥೆಯ ಪರಿಚಯ, ಅತಿ ಕಡಿಮೆ ದರ ಮೂರು ದಿನದೊಳಗೆ ತಿಳಿಸಿ."

ಅದೇ ವಾರ ಅಪ್ಪ ಎಡಗೈಯಲ್ಲಿ ಪೆನ್ಸಿಲ್ ಹಿಡಿದು ಒಂದು ಚೀಟಿ ಬರೆದ. ಎರಡು ಸಾಲಿಗೆ ನಾಲ್ಕು ದಿನ ಹಿಡಿಯಿತು. ಅಕ್ಷರಗಳು ಒಂದರ ಮೇಲೊಂದು ಬಿದ್ದಿದ್ದವು. "ಮೊಣಕಾಲು ಹೇಗಿದೆ? ಮರ ಹತ್ತೋದು ಬಿಟ್ಟಿರಾ?"

"ತುರ್ಕಿಯವರ ಕಾಗದದ ಕೊನೇಲಿ ಹಾಕಬೇಕಂತೆ. ಹೋದ ಸಲ ಮೊಣಕಾಲು ನೋವು ಅಂತ ಬರೆದಿದ್ದರಲ್ಲ" ಅಂದಳು ಅಮ್ಮ. ಗಂಡನ ಕಣ್ಣು ಓದೋದರಲ್ಲಿ ಅವಳು ಪಳಗಿಬಿಟ್ಟಿದ್ದಳು.

"ಹಾಕ್ತೀನಪ್ಪಾ" ಅಂದಳು ಮಗಳು.

ಹಾಕಲಿಲ್ಲ. ಕೆಟ್ಟ ಬುದ್ಧಿಯೇನಲ್ಲ. ಹದಿನಾಲ್ಕು ಜನಕ್ಕೆ ಹೋಗುವ ಕಾಗದದಲ್ಲಿ ಯಾರ ಮೊಣಕಾಲು ಅಂತ ಕೇಳೋದು? ಈ ಒಬ್ಬನಿಗೆ ಬೇರೆ ಬರೆದರಾಯಿತು ಅಂದುಕೊಂಡು ಚೀಟಿಯನ್ನು ಗಲ್ಲೆಯೊಳಗೆ ಇಟ್ಟಳು. ಗಲ್ಲೆ ಮುಚ್ಚಿದಳು, ಮರೆತಳು.

ಹದಿಮೂರು ಜನ ಉತ್ತರ ಬರೆದರು. ಇಪ್ಪತ್ತಲ್ಲ, ಸದ್ಯಕ್ಕೆ ಎರಡು ಟನ್ ಅಂದ ಕೂಡಲೇ ಅರ್ಧ ಜನ ಬಾಯಿ ಮುಚ್ಚಿಕೊಂಡರು, ಇನ್ನರ್ಧ ಜನ ದರ ಏರಿಸಿದರು. ತೋಟದವನಿಂದ ಮಾತ್ರ ಸುದ್ದಿಯೇ ಇಲ್ಲ. ಮಧ್ಯಾಹ್ನ ಅವಳು ಊಟಕ್ಕೆ ಮೇಲೆ ಹೋದಾಗಲೆಲ್ಲ ಅಪ್ಪ ಹುಬ್ಬು ಎತ್ತುತ್ತಿದ್ದ. ಬಂತಾ?

"ಇನ್ನೂ ಇಲ್ಲಪ್ಪಾ."

ಹುಬ್ಬು ಇಳಿಯುತ್ತಿತ್ತು. ಮೊಣಕಾಲಿನ ಸಮಾಚಾರಕ್ಕೆ ಅಪ್ಪ ದಿನ ಎಣಿಸುತ್ತಿದ್ದಾನೆ, ಕೇಳಲೇಬೇಕಾದದ್ದನ್ನು ತಾನು ಕೇಳೇ ಇಲ್ಲ ಅಂತ ಅವಳಿಗೊಬ್ಬಳಿಗೇ ಗೊತ್ತು.

ಹದಿನೇಳನೆಯ ದಿನ ಒಂದು ಪೆಟ್ಟಿಗೆ ಬಂತು, ಮೇಲೆ ಒಂದು ಕಾಗದ ಅಂಟಿಸಿತ್ತು. ಅಪ್ಪನಿಗೂ ತೋಟದವನಿಗೂ ಅರ್ಧಂಬರ್ಧ ಬರುತ್ತಿದ್ದ ಇಂಗ್ಲಿಷಿನಲ್ಲಿ, ಅವಳು ಚಿಕ್ಕಂದಿನಿಂದ ನೋಡಿದ್ದ ಅದೇ ದುಂಡು ಅಕ್ಷರ. ಅವಳು ನಿಂತಲ್ಲೇ ಓದಿದಳು.

"ಮಗಳೇ, ನೀನು ಸಹಿ ಹಾಕಿದ ನಿಮ್ಮ ಅಂಗಡಿಯ ಕಾಗದ ಮುಟ್ಟಿತು. ಇಪ್ಪತ್ತು ಟನ್ ಕೇಳಿದ್ದೀಯ. ನಾನು ಯಾರು ಅಂತ ಕೇಳಿದ್ದೀಯ. ಕೊನೆಯಲ್ಲಿ ಏನನ್ನೂ ಕೇಳಿಲ್ಲ. ನಿನ್ನ ತಂದೆ ಬದುಕಿದ್ದರೆ ಈ ಕಾಗದ ನಿಮ್ಮ ಹೊಸ್ತಿಲು ದಾಟುತ್ತಿರಲಿಲ್ಲ. ಹಾಗಾಗಿ ನನಗೆ ತಿಳಿಯಿತು. ಒಂದು ದಿನ ತೋಟದ ಕೆಲಸ ನಿಲ್ಲಿಸಿ ಹಳೆಯ ಮರದ ಕೆಳಗೆ ಕೂತು ಅತ್ತೆ. ನನ್ನ ಹೆಂಡತಿ ಹೋದ ವರ್ಷ ಅವರು ಏನೂ ಕೇಳದೆ ನನ್ನ ಕಾಯಿ ತಗೊಂಡರು. ಈ ಸಲ ನಾನೂ ಏನೂ ಕೇಳುವುದಿಲ್ಲ. ಇವು ಆ ಮರದ ಕಾಯಿ. ಮನೆಯವರು ತಿನ್ನಿ. ಇದಕ್ಕೆ ಬೆಲೆ ಇಲ್ಲ."

ಜೀವಂತ ಇರುವ ಅಪ್ಪನನ್ನು ತಾನೇ ಮೂರು ಸಾಲು ಬರೆದು ಸಾಯಿಸಿದ್ದಳಲ್ಲ. ಕಾಗದ ಮಡಿಚಿ ಬಚ್ಚಿಡಬೇಕು ಅನ್ನುವಷ್ಟರಲ್ಲಿ ಅಮ್ಮ ಮೆಟ್ಟಿಲ ಮೇಲಿಂದ ಪೆಟ್ಟಿಗೆ ನೋಡಿಬಿಟ್ಟಳು.

"ರೀ, ನಿಮ್ಮ ತುರ್ಕಿಯವರದ್ದು ಬಂತು ನೋಡ್ರೀ" ಅಂತ ಕೂಗಿದಳು. ಎಷ್ಟೋ ತಿಂಗಳಿಂದ ಅವಳ ದನಿಯಲ್ಲಿ ಅಷ್ಟು ಗೆಲುವು ಇರಲಿಲ್ಲ.

ಅಪ್ಪ ದಿಂಬಿಗೆ ಒರಗಿ ಕೂತು ಕಾಯುತ್ತಿದ್ದ. ಅಮ್ಮ ಅವನ ತಲೆ ಬೇರೆ ಬಾಚಿದ್ದಳು, ನೆಂಟರು ಬಂದವರ ಹಾಗೆ. ಮಗಳು ಕಾಗದ ಬಿಚ್ಚಿ, ಇಲ್ಲದ್ದನ್ನು ಓದತೊಡಗಿದಳು. "ಈ ಸಲ ಫಸಲು ಕಡಿಮೆ. ತೇವ ನೂರಕ್ಕೆ ಐದು. ದರ ಸ್ವಲ್ಪ ಜಾಸ್ತಿಯಾಗಿದೆ. ವರದಿ ಆಮೇಲೆ ಕಳಿಸ್ತೀನಿ." ಆಮೇಲೆ ನೆನಪು ಮಾಡಿಕೊಂಡವಳ ಹಾಗೆ ಸೇರಿಸಿದಳು. "ಮೊಣಕಾಲು ಈಗ ಪರವಾಗಿಲ್ಲವಂತೆ."

ಅಪ್ಪನ ಮುಖ ಸಪ್ಪಗಾಯಿತು. ಇಪ್ಪತ್ತಾರು ವರ್ಷದಲ್ಲಿ ತೋಟದವನು ಒಂದು ಸಲವೂ ತೇವ ಮೊದಲು, ಮನೆ ಆಮೇಲೆ ಬರೆದವನಲ್ಲ. ಅಪ್ಪ ಎಡಗೈ ಚಾಚಿದ.

"ಅಪ್ಪಾ, ಬೇಡ."

ಕೈ ಹಾಗೇ ಚಾಚಿಕೊಂಡೇ ಇತ್ತು. ಅವಳು ಕೊಟ್ಟಳು.

ಅಪ್ಪ ಓದಿದ. ತನ್ನ ಸಾವಿಗೆ ಬಂದ ಕಾಗದವನ್ನು ತಾನೇ, ಮೇಲಿಂದ ಕೆಳಗಿನವರೆಗೆ, ಎರಡು ಸಲ ಓದಿದ. ಅಮ್ಮ ಏನೂ ಗೊತ್ತಾಗದೆ ಇವನ ಮುಖ, ಅವಳ ಮುಖ ನೋಡುತ್ತಿದ್ದಳು. ಅಪ್ಪನ ಕಣ್ಣಿಂದ ನೀರು ಇಳಿದು ಕಿವಿಯ ಕಡೆ ಹೋಯಿತು. ಬೈಯಬೇಕಾದ ಬಾಯಿಗೆ ಬೈಯಲಾಗದು ಅನ್ನೋದು ಮಗಳಿಗೆ ಎಲ್ಲ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

"ಈಗಲೇ ಬರೀತೀನಿ" ಅಂದಳು. "ತಪ್ಪಾಯ್ತು, ನಮ್ಮಪ್ಪ ಇದ್ದಾರೆ, ಚೆನ್ನಾಗಿದ್ದಾರೆ ಅಂತ ಇವತ್ತೇ ಬರೀತೀನಪ್ಪಾ."

ಅಪ್ಪ ಬೇಡ ಅಂತ ಬೆರಳಾಡಿಸಿದ. ಪೆನ್ಸಿಲ್ ಕೇಳಿದ. ಅಮ್ಮ ಹಲಗೆ ಹಿಡಿದುಕೊಂಡಳು. ಬಿಸಿಲು ಕಿಟಕಿಯಿಂದ ಗೋಡೆಗೆ ಸರಿಯುವವರೆಗೂ ಬರೆದ.

"ಒಂದು ಸಲ ಅತ್ತಿದ್ದಾನೆ. ಎರಡು ಸಲ ಅಳಿಸಬೇಡ."

ಅವಳು ಅಪ್ಪನ ಕಾಲ ಬಳಿ ಕೂತು ಅತ್ತಳು. ತಪ್ಪು ತಿದ್ದಿ ಹಗುರಾಗೋಣ ಅಂದುಕೊಂಡಿದ್ದಳು. ಆ ದಾರಿಯನ್ನೂ ಅಪ್ಪ ಮುಚ್ಚಿದ್ದ. ತಾನು ಇನ್ನೆಷ್ಟು ದಿನ ಅಂತ ಅವನಿಗೆ ಗೊತ್ತಿತ್ತು, ಮನೆಯವರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅಪ್ಪ ಎಡಗಾಲಿನಿಂದ ಅವಳ ಬೆನ್ನು ತಿವಿದು ಪೆಟ್ಟಿಗೆ ತೋರಿಸಿದ. ತಕ್ಕಡಿ ತಾ ಅಂತ ಕೈಸನ್ನೆ ಮಾಡಿದ. ಇಂಥ ಹೊತ್ತಿನಲ್ಲೂ ಪ್ರಶ್ನೆಪತ್ರಿಕೆ ಪ್ರಶ್ನೆಪತ್ರಿಕೆಯೇ. ಅವಳು ಮೂಗು ಒರೆಸಿಕೊಂಡು ನೂರು ಗ್ರಾಂ ತೂಗಿ, ನೆಲದ ಮೇಲೆ ಸುರಿದು ಎಣಿಸಿದಳು. "ನೂರ ಒಂಬತ್ತು ಅಪ್ಪಾ. ಬಾಯಿ ಬಿಡದವು ಮೂರು." ಅಪ್ಪ ತಲೆಯಾಡಿಸಿದ. ಅಮ್ಮ ಎರಡು ತಿರುಳು ಅರೆದು ನಾಲಿಗೆಯ ಮೇಲೆ ಇಟ್ಟಳು. ಅವನು ಬಹಳ ಹೊತ್ತು ಕಣ್ಣು ಮುಚ್ಚಿಕೊಂಡಿದ್ದ.

ಪೆಟ್ಟಿಗೆ ಮುಟ್ಟಿತು, ಋಣಿ, ಅಂತಷ್ಟೇ ಅವಳು ತೋಟದವನಿಗೆ ಬರೆದಳು. ಐದು ವಾರಕ್ಕೆ ಅಪ್ಪ ಹೋದ. ಅವಳು ನೆಂಟರಿಗೆ, ಪೇಟೆಯವರಿಗೆ, ಹಳೇ ಗಿರಾಕಿಗಳಿಗೆ ಒಬ್ಬೊಬ್ಬರಿಗೇ ತಿಳಿಸಿದಳು. ಪಟ್ಟಿಯಲ್ಲಿ ತೋಟದವನ ವಿಳಾಸ ಬಂದಾಗ ಕೈ ನಿಂತಿತು. ಅಪ್ಪನನ್ನು ಎಲ್ಲರಿಗಿಂತ ಹೆಚ್ಚು ವಿಚಾರಿಸಿಕೊಂಡ ಒಬ್ಬನಿಗೇ ಹೇಳುವಂತಿಲ್ಲ. ವಿಳಾಸ ದಾಟಿ ಮುಂದಿನ ಹೆಸರಿಗೆ ಹೋದಳು.

ಮುಂದಿನ ಫಸಲಿಗೆ ಒಬ್ಬನಿಗೇ ಬರೆದಳು. ಎರಡು ಟನ್. ಕಾಯಿ ಯಾವ ವರ್ಷದ್ದು, ನೂರು ಗ್ರಾಮಿಗೆ ಎಷ್ಟು, ತೇವ, ವರದಿ, ಪೇಸ್ಟು, ಒಂದನ್ನೂ ಬಿಡಲಿಲ್ಲ. ಆಮೇಲೆ ಗಲ್ಲೆಯಿಂದ ಚೀಟಿ ತೆಗೆದು, ಅದರಲ್ಲಿದ್ದದ್ದನ್ನು ಕೊನೆಯ ಸಾಲಿನಲ್ಲಿ ಬರೆದಳು.

ಹನ್ನೊಂದನೆಯ ದಿನ ಉತ್ತರ ಬಂತು. ದುಂಡು ಅಕ್ಷರ ಈ ಸಲ ಸ್ವಲ್ಪ ಅಲುಗಿತ್ತು.

"ಮೊಣಕಾಲು ಹಾಗೇ ಇದೆ. ಮರ ಹತ್ತುವುದು ಬಿಟ್ಟೆ, ಮೊಮ್ಮಗಳು ಹತ್ತುತ್ತಾಳೆ. ಇದನ್ನು ಕೇಳುವವರು ಇನ್ನು ಯಾರೂ ಇಲ್ಲ ಅಂದುಕೊಂಡಿದ್ದೆ. ತೇವ ನೂರಕ್ಕೆ ಐದು."

ಓದಿ ಮುಗಿಸುವ ಮೊದಲೇ ಅವಳು ಎದ್ದಿದ್ದಳು. "ಅಪ್ಪಾ, ಬಂತು" ಅನ್ನುತ್ತಾ ಅರ್ಧ ಮೆಟ್ಟಿಲು ಹತ್ತಿಬಿಟ್ಟಿದ್ದಳು. ಮೇಲೆ ಅಮ್ಮ ಪಾತ್ರೆ ತೊಳೆಯುತ್ತಿದ್ದ ಸದ್ದು ನಿಂತಿತು. ಅವಳು ಮೇಲೂ ಹೋಗಲಾರದೆ, ಕೆಳಗೂ ಇಳಿಯಲಾರದೆ, ಕಾಗದ ಹಿಡಿದುಕೊಂಡು ಆ ಮೆಟ್ಟಿಲ ಮೇಲೆಯೇ ಕೂತಳು.