ಬೆಲ್ಲ, ನೀರು ಮತ್ತು ಕೊನೆಯ ಪುಟ

೧
ಎಲ್ಲಿಂದ ಶುರುಮಾಡುವುದು? "ಕಾದಂಬರಿಕಾರ್ತಿ ಉಮಾವತಿ ಹುಟ್ಟಿದ್ದು..." ಎಂದು ಬರೆದ ಕಮಲೇಶ ಅದನ್ನು ಹೊಡೆದುಹಾಕಿದ. ಹುಟ್ಟಿದ ತಾರೀಕಿನಿಂದ ಶುರುಮಾಡಲು ಇದೇನು ಆಧಾರ್ ಕಾರ್ಡೇ?

(ನಿಮ್ಮಲ್ಲಿ ಬೇರೆ ಐಡಿಯಾ ಇದ್ದರೆ ಇಟ್ಟುಕೊಳ್ಳಿ. ಅವನು ಕೇಳುವ ಜನವಲ್ಲ.)

೨
ಕಾದಂಬರಿಯಿಂದಲೇ ಶುರುವಾಗಲಿ. ಅರುವತ್ತು ವರ್ಷಗಳ ಹಿಂದೆ, ಉಳಿದವರೆಲ್ಲ ತಲೆಮಾರುಗಳ ಕಥೆ ಹೆಣೆಯುತ್ತಿದ್ದಾಗ, ಉಮಾವತಿ ಒಂದೇ ಒಂದು ಮಧ್ಯಾಹ್ನವನ್ನು ಇಡೀ ಪುಸ್ತಕ ಮಾಡಿದರು. ಕುಮುದಿನಿ ಎಂಬವಳು ಗಂಡನ ಮನೆ ಬಿಟ್ಟು ತಾಯಿಮನೆಗೆ ನಡೆಯುತ್ತಾಳೆ. ನಾವು ಅವಳ ತಲೆಯೊಳಗೆ ನಡೆಯುತ್ತೇವೆ. ಅಷ್ಟೇ. ಕೂಳೂರಿನ ತನ್ನ ಮೀನಂಗಡಿಯಲ್ಲಿ ಕೂತು ಅದನ್ನು ಓದಿದ ದಿನ ಕಮಲೇಶ ಬಂಗುಡೆ ಕೇಳಿದವರಿಗೆ ಬೂತಾಯಿ ತೂಗಿ ಕೊಟ್ಟಿದ್ದ. ಹೀಗೂ ಬರೆಯಬಹುದಾ!

೩
ಆದರೆ ಕೊನೆಯ ಪುಟ! ಕುಮುದಿನಿ ಜಗಲಿ ಹತ್ತುತ್ತಾಳೆ. ಯಾರೂ ಬೆಲ್ಲ, ನೀರು ತರುವುದಿಲ್ಲ. ತಾನೇ ಕಾಲಿಗೆ ನೀರು ಹೊಯ್ದುಕೊಂಡು ಒಳಗೆ ಹೋಗುತ್ತಾಳೆ. ಮುಗಿಯಿತು.

ಕಮಲೇಶನ ಮೈ ಉರಿಯಿತು. ಇಂಥ ಹೆಂಗಸನ್ನು ಹೀಗೆ ಸೋಲಿಸುವುದಾ? ಮತ್ತೆ ಅಚ್ಚು ಹಾಕಿ ಎಂದು ಅವನು ಕೇಳಲು ಹೋದ ಬಲ್ಮಠದ ಪ್ರಕಾಶಕನದ್ದೂ ಅದೇ ಮಾತು: ಕೊನೆ ಬದಲಾದರೆ ಮರುಮುದ್ರಣ, ಇಲ್ಲದಿದ್ದರೆ ಇಲ್ಲ. ಪುಸ್ತಕ ಈಗ ಎಲ್ಲೂ ಸಿಗುವುದಿಲ್ಲ. ಉಮಾವತಿಗೆ ತೊಂಬತ್ತು ಹತ್ತಿರ. ಹಾಗಾಗಿ ಕಮಲೇಶನೇ ಹೊಸ ಕೊನೆ ಬರೆದ: ಕುಮುದಿನಿ ಬೊಂಬಾಯಿ ಬಸ್ಸು ಹತ್ತುತ್ತಾಳೆ.

(ಬರೆಯುವಾಗ ಕುಮುದಿನಿಯೇ ಅಡ್ಡ ಬಂದಳು: "ಬೊಂಬಾಯಿಯಲ್ಲಿ ನನಗೆ ಎಂತ ಉಂಟು ಮಾರಾಯ?"
"ಸ್ವಾತಂತ್ರ್ಯ!"
"ಟಿಕೆಟ್ ನಿನ್ನ ಅಪ್ಪ ತೆಗೆದುಕೊಡ್ತಾರಾ?")

೪
ವಾಮಂಜೂರಿನ ಮನೆಯಲ್ಲಿ ಉಮಾವತಿ ಅವನಿಗೆ ಬೆಲ್ಲ, ನೀರು ಕೊಟ್ಟು ಕೂರಿಸಿ, ಬಸ್ಸಿನ ಕೊನೆಯನ್ನು ಕಣ್ಣುಮುಚ್ಚಿ ಕೇಳಿದರು.

"ಬಸ್ಸು ಚೆಂದ ಉಂಟು. ಆದರೆ ಅವಳು ಯಾಕೆ ಓಡಬೇಕು?"

"ಮತ್ತೆಂತ ಅಮ್ಮ? ತಾಯಿಮನೆಯಲ್ಲಿ ಒಂದು ಲೋಟ ನೀರು ಕೊಡುವವರಿಲ್ಲ!"

"ಬೆಲ್ಲ, ನೀರು ಯಾರಿಗೆ ಕೊಡುವುದು?"

"ನೆಂಟರಿಗೆ."

"ನಿಮ್ಮ ಕೂಳೂರಿನ ಮನೆ ಯಾರದ್ದು?"

"ಅಜ್ಜಿಯದ್ದು. ಈಗ ಅಮ್ಮನದ್ದು. ಮತ್ತೆ ತಂಗಿಗೆ..."

ತಾಯಿಯಿಂದ ಮಗಳಿಗೆ ಇಳಿಯುವ ಮನೆಯಲ್ಲೇ ಹುಟ್ಟಿ ಬೆಳೆದವನು, ಮನೆಯ ಒಡತಿ ಮನೆಗೆ ಬಂದದ್ದನ್ನು ಸೋಲೆಂದು ಓದಿದ್ದ! ಎಲ್ಲೂ ವಿವರಿಸದೆ, ಯಾರೂ ತಂದುಕೊಡದ ಒಂದು ಲೋಟ ನೀರಿನಲ್ಲಿ ಈ ಹೆಂಗಸು ಅಷ್ಟನ್ನೂ ಇಟ್ಟಿದ್ದರು. ಕೈಮುಗಿಯಬೇಕೆನಿಸಿತು, ಕೈಯಲ್ಲಿ ಆ ದರಿದ್ರ ಬಸ್ಸಿತ್ತು.

"ಪ್ರಕಾಶಕರಿಗೆ ಎಂತ ಹೇಳಲಿ?"

"ಬದಲಿಸುವುದಿಲ್ಲ ಅಂತ ಹೇಳು."

"ಹಾಗಾದರೆ ಪುಸ್ತಕ ಬರುವುದಿಲ್ಲ ಅಮ್ಮ."

"ಬಾರದಿರಲಿ. ಅವಳು ಒಳಗೆ ಹೋಗಿ ಆಯ್ತಲ್ಲ."

೫
ಕೊನೆ ಒಂದು: ಪ್ರಕಾಶಕ ಒಪ್ಪಿದ. ಕೊನೆ ಎರಡು: ಕಮಲೇಶ ಜೆರಾಕ್ಸ್ ಮಾಡಿಸಿ ಮೀನಿನ ಜೊತೆ ಮಾರಿದ. ಎರಡನ್ನೂ ಬರೆದ, ಎರಡನ್ನೂ ಹರಿದ. ನಿಮಗೆ ಕೊನೆ ಬೇಕೇ ಬೇಕಾ? ಬಲ್ಮಠಕ್ಕೆ ಹೋಗಿ, ಬೇಕಾದ ಅಳತೆಗೆ ಹೊಲಿದುಕೊಡುತ್ತಾರೆ.

ಇಲ್ಲಿರುವುದು ಇಷ್ಟೇ. ಇನ್ನೊಂದು ದಿನ ಕಮಲೇಶ ಬೆವರುತ್ತಾ ವಾಮಂಜೂರಿನ ಜಗಲಿ ಹತ್ತಿದಾಗ ಉಮಾವತಿ ಕುರ್ಚಿ ಬಿಟ್ಟು ಏಳಲಿಲ್ಲ.

"ಬಾಯಾರಿಕೆಯಾ? ಒಳಗೆ ಹೂಜಿಯಲ್ಲಿ ಉಂಟು, ತೆಗೆದು ಕುಡಿ."

ಅವನು ಇನ್ನೂ ಹೊಸ್ತಿಲಲ್ಲೇ ನಿಂತಿದ್ದಾನೆ. ಅವಸರ ಮಾಡಬೇಡಿ.