ಬೂಟ್ ಪಾಲಿಶ್ ಕಲೆ

"ಬಾ ಅಮ್ಮ, ಈಗ ನೋಡು. ಬಿಳಿ ಕೈಗವಸು ಹಾಕ್ಕೊಂಡು ಹುಡುಕಿದ್ರೂ ಚೂರು ಧೂಳು ಸಿಕ್ಕಲ್ಲ," ಎಂದು ಹಿಲರಿ ಖಾಲಿ ಅಡುಗೆಮನೆಯಿಂದ ಕೂಗಿದಳು.

ಎಂಬತ್ನಾಲ್ಕರ ಮ್ಯೂರಿಯಲ್ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಮೆಲ್ಲಗೆ ಬಂದರು. ಸಾಮಾನಿನ ಲಾರಿ ಆಗಲೇ ಹೊರಟುಹೋಗಿತ್ತು. ಮಧ್ಯಾಹ್ನ ಮನೆ ಕೊಂಡ ಹೊಸಬರಿಗೆ ಬೀಗದ ಕೈ ಕೊಟ್ಟರೆ ಇಂಗ್ಲೆಂಡಿನ ಆಲ್ಡರ್‌ಶಾಟ್‌ನ ಈ ಮನೆಯ ಋಣ ತೀರಿತು. ಇನ್ನು ಮಗಳ ಊರಿನಲ್ಲಿ, ಅವಳ ಮನೆಯಿಂದ ಎರಡು ಬೀದಿಯಾಚೆ ಒಂದು ಪುಟ್ಟ ಮನೆ.

ಸಿಪಾಯಿಯನ್ನು ಕಟ್ಟಿಕೊಂಡವಳಿಗೆ ಮನೆ ಬಿಡುವುದೇನು ಹೊಸದೇ? ಜರ್ಮನಿ, ಸೈಪ್ರಸ್, ಮತ್ತೆ ಜರ್ಮನಿ ಎಂದು ಹತ್ತೊಂಬತ್ತು ಸರ್ಕಾರಿ ಮನೆಗಳಾಗಿದ್ದವು. ಬಿಡುವ ದಿನ ಸೇನೆಯ ಅಧಿಕಾರಿಯೊಬ್ಬ ಬಿಳಿ ಕೈಗವಸು ತೊಟ್ಟು ಬಂದು ಒಲೆಯೊಳಗೆ, ಬಾಗಿಲ ಮೇಲೆ, ಮಂಚದಡಿ ಬೆರಳಾಡಿಸಿ ನೋಡುತ್ತಿದ್ದ. ಗಂಡ ಡೆಸ್ಮಂಡ್, ಪಾಪ, ಈಗಿಲ್ಲ. ಆದರೆ ಸರಿಯಾಗಿ ಆ ವಾರವೇ ದೂರದ ಡ್ಯೂಟಿ ಹಾಕಿಸಿಕೊಳ್ಳುವ ವಿದ್ಯೆ ಅವನಿಗೆ ಕರಗತವಾಗಿತ್ತು. ಗೋಡೆಯ ಮೊಳೆತೂತಿಗೆಲ್ಲ ಟೂತ್‌ಪೇಸ್ಟ್ ಮೆತ್ತುವುದು ಪುಟ್ಟ ಹಿಲರಿಯ ಕೆಲಸ. ಅಣ್ಣ ಕ್ಲೈವ್ ಎಂಟನೇ ವಯಸ್ಸಿಗೇ ವಸತಿಶಾಲೆ ಸೇರಿದವನು. ರಜೆಗೆಂದು ಬಂದ ಹುಡುಗನ ಕೈಗೆ ಒರೆಸುವ ಬಟ್ಟೆ ಕೊಡಲು ತಾಯಿಗೆ ಮನಸ್ಸು ಬರುತ್ತಿರಲಿಲ್ಲ.

ಇದು ಸ್ವಂತ ಮನೆ, ತಪಾಸಣೆಗೆ ಯಾರೂ ಬರುವುದಿಲ್ಲ. ಆದರೂ ಹಿಲರಿ ನಿನ್ನೆಯಿಂದ ತಿಕ್ಕುತ್ತಲೇ ಇದ್ದಳು. ಐವತ್ತೆಂಟಾದರೂ ಅಮ್ಮನ ಬಾಯಿಂದ ಭೇಷ್ ಅನ್ನಿಸಿಕೊಳ್ಳುವ ಆಸೆ ಅವಳಿಗೆ ಹೋಗಿರಲಿಲ್ಲ.

ಮ್ಯೂರಿಯಲ್ ಒಲೆ ನೋಡಿದರು, ನಲ್ಲಿ ನೋಡಿದರು. ಹಿತ್ತಿಲ ಕಿಟಕಿಯ ಹತ್ತಿರ ಬಂದವರು ನಿಂತುಬಿಟ್ಟರು.

"ಇಲ್ಲಿದ್ದ ಕಪ್ಪು ಕಲೆ ಎಲ್ಲೇ?"

"ಆ ಹೂಕುಂಡದ ಕೆಳಗಿತ್ತಲ್ಲ, ಅದಾ? ಅಯ್ಯೋ, ಅದೊಂದಕ್ಕೇ ಒಂದು ಗಂಟೆ ಹಿಡೀತು. ತಂತಿ ನಾರು ಹಾಕಿ ಉಜ್ಜಿದೆ."

ಅಪ್ಪನಂತೆ ಸೈನ್ಯ ಸೇರಿದ್ದ ಕ್ಲೈವ್ ಕುವೈತ್ ಯುದ್ಧಕ್ಕೆ ಹೊರಟ ಬೆಳಿಗ್ಗೆ ಆ ಕಿಟಕಿಯ ಹಲಗೆಯ ಮೇಲೆ ಬೂಟಿಟ್ಟು ಪಾಲಿಶ್ ಮಾಡಿಕೊಂಡಿದ್ದ. ಡಬ್ಬಿ ಮಗುಚಿತ್ತು. "ನೀನು ಮುಟ್ಟಬೇಡಮ್ಮ, ಬಂದ್ಮೇಲೆ ನಾನೇ ಒರೆಸ್ತೀನಿ," ಅಂದಿದ್ದ. ಬರಲಿಲ್ಲ. ಮೂವತ್ತು ವರ್ಷ ದಾಟಿದರೂ ಮ್ಯೂರಿಯಲ್ ಅದನ್ನು ಒರೆಸಿರಲಿಲ್ಲ. ಮೇಲೊಂದು ಹೂಕುಂಡ ಇಟ್ಟು, ಯಾರಿಗೂ ಹೇಳದೆ ಕಾಪಾಡಿದ್ದರು.

"ಯಾರು ಹೇಳಿದ್ರು ನಿಂಗೆ ಅದನ್ನ ಮುಟ್ಟು ಅಂತ?" ಎಂದು ಅವರು ಚೀರಿದರು. "ಅದು ಕ್ಲೈವ್ ಚೆಲ್ಲಿದ್ದು ಕಣೇ! ನನ್ನ ಮಗಂದು ಅಂತ ಈ ಮನೇಲಿ ಉಳಿದಿದ್ದೇ ಅದೊಂದು!"

ಹಿಲರಿಯ ಮುಖ ಬಿಳಿಚಿತು. "ನಂಗೆ ಗೊತ್ತಿರ್ಲಿಲ್ಲ ಅಮ್ಮ." ಆಮೇಲೆ ತಡೆಯಲಾಗಲಿಲ್ಲ. "ಬುದ್ಧಿ ಬಂದಾಗಿಂದ ನಿನ್ ಜೊತೆ ಮನೆ ಮನೆ ತಿಕ್ಕಿದ್ದೀನಿ. ನಂದು ಅಂತ ಒಂದೇ ಒಂದು ಕಲೆನಾದ್ರೂ ಎಲ್ಲಾದ್ರೂ ಉಳಿಸಿದ್ದೀಯಾ?"

ಮ್ಯೂರಿಯಲ್ ನಿಜಕ್ಕೂ ಯೋಚಿಸಿದರು. ಹಿಲರಿ ಬಣ್ಣದ ಸೀಮೆಸುಣ್ಣದಲ್ಲಿ ಗೀಚಿದ ಗೋಡೆ, ಜ್ವರದಲ್ಲಿ ವಾಂತಿ ಮಾಡಿಕೊಂಡ ಜಮಖಾನ, ಹಲ್ಲು ಮೂಡುವಾಗ ಕಚ್ಚಿದ ಮಂಚದ ಕಾಲು ಎಲ್ಲ ನೆನಪಾದವು. ಒಂದೊಂದನ್ನೂ ತಾವೇ ಹುಡುಕಿ, ಅಧಿಕಾರಿ ಬರುವ ಮೊದಲು ಅಳಿಸಿದ್ದರು.

ಬೀಗದ ಕೈ ಕೊಟ್ಟು ಹೊರಟರು. ಕಾರು ಊರು ದಾಟಿತು. ಸ್ಟೀರಿಂಗ್ ಹಿಡಿದ ಮಗಳ ಬೆರಳ ಗಿಣ್ಣುಗಳು ಸುಲಿದು ಕೆಂಪಾಗಿರುವುದು ಆಗ ಮ್ಯೂರಿಯಲ್‌ಗೆ ಕಾಣಿಸಿತು. ಕೈಚೀಲ ತಡಕಿ ಕ್ರೀಮಿನ ಡಬ್ಬಿ ತೆಗೆದರು.

"ಕೈ ಕೊಡಿಲ್ಲಿ."

"ಗೇರ್ ಹಾಕ್ಬೇಕು ಅಮ್ಮ."

ಮುಚ್ಚಳ ತೆಗೆದ ಡಬ್ಬಿಯನ್ನು ಅವರು ಹಾಗೇ ಹಿಡಿದುಕೊಂಡು ಕೂತರು. ಮುಂದಿನ ಊರಿನ ಕೆಂಪು ದೀಪಕ್ಕೆ ಕಾರು ನಿಂತಿತು. ಹಿಲರಿ ರಸ್ತೆಯನ್ನೇ ನೋಡುತ್ತ ಎಡಗೈ ಚಾಚಿದಳು. ತಾಯಿ ಒಂದೊಂದೇ ಬೆರಳಿಗೆ ಹಚ್ಚತೊಡಗಿದರು. ದೀಪ ಹಸಿರಾಯಿತು. ಹಿಂದಿನ ಕಾರಿನವನು ಹಾರನ್ ಹೊಡೆದ.

"ಹೊಡ್ಕೊಳ್ಲಿ ಬಿಡು," ಎಂದರು ಮ್ಯೂರಿಯಲ್. ಹೆಬ್ಬೆರಳು ಇನ್ನೂ ಬಾಕಿ ಇತ್ತು.